ಹುಲ್ಲು ಹೊಡೆಯುವ ಮಷಿನ್ ಸ್ಟಾರ್ಟ್ ಮಾಡುವ ಮೊದಲು, ಅದು ಆಫ್ ಆಗುತ್ತಾ ನೋಡಿ

ಎಡಗಾಲಿಗೆ ಆರು ಹೊಲಿಗೆ ಬಿದ್ದಿವೆ. ತೋಟಕ್ಕೆ ಇಳಿಯುವ ಹಾಗಿಲ್ಲ, ಜಗಲಿಯಲ್ಲಿ ಕಾಲು ಚಾಚಿ ಕೂತು ಇದನ್ನು ಬರೆಯುತ್ತಿದ್ದೇನೆ. ಮಳೆ ಹಿಡಿಯಿತು ಅಂದರೆ ನನ್ನ ಹಾಗೆ ಅಟ್ಟದಿಂದ ಹಳೇ ಮಷಿನ್ ಇಳಿಸುವವರು ಇನ್ನೂ ಎಷ್ಟೋ ಜನ ಇರುತ್ತಾರೆ.

ನಮ್ಮದು ತೀರ್ಥಹಳ್ಳಿ ಕಡೆ ಸಣ್ಣ ಅಡಿಕೆ ತೋಟ. ಮಷಿನ್ ಅಂದರೆ ಹೆಗಲಿಗೆ ನೇತುಹಾಕಿಕೊಳ್ಳುವ ಟೂ ಸ್ಟ್ರೋಕ್ ಬ್ರಷ್ ಕಟರ್, ತುದಿಗೆ ಮೂರು ಹಲ್ಲಿನ ಬ್ಲೇಡ್. ಹುಲ್ಲು ಹೊಡೆಯಲು ಬರುವವರು ಈಗ ತಮ್ಮದೇ ಮಷಿನ್ ತರುತ್ತಾರೆ. ಹಾಗಾಗಿ ನಮ್ಮದು ಎರಡು ಮಳೆಗಾಲ ಕೊಟ್ಟಿಗೆ ಅಟ್ಟದಲ್ಲೇ ಮಲಗಿತ್ತು, ಟ್ಯಾಂಕಿನಲ್ಲಿ ಪೆಟ್ರೋಲ್ ಸಮೇತ. ಈ ಸಲ ಅವರು ಬರುವುದು ತಡವಾಯಿತು. ಬೆಂಗಳೂರಿನಿಂದ ಮೂರು ದಿನ ರಜೆ ಹಾಕಿ ಬಂದಿದ್ದ ನಾನು, "ನಾನೇ ಹೊಡೀತೀನಿ ಬಿಡಿ ಅಪ್ಪಯ್ಯ" ಅಂದುಬಿಟ್ಟೆ.

ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆಯೇ ಇಲ್ಲ, ಹಳೇ ವಾರ್ನಿಷ್ ಡಬ್ಬಿ ತೆರೆದ ಹಾಗಿತ್ತು. ಬಾಟಲಿಗೆ ಬಗ್ಗಿಸಿ ಇಟ್ಟೆ. ಸ್ವಲ್ಪ ಹೊತ್ತಿಗೆ ಎರಡು ಪದರ ಆಯಿತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ 20% ಎಥನಾಲ್ ಬೆರೆಸಿರುತ್ತಾರೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಕಡೆ ಮಳೆಗಾಲದ ತೇವ ಗೊತ್ತಲ್ಲ, ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಅದರ ಜೊತೆ ಸೇರಿ ತಳಕ್ಕೆ ಹೋಗುತ್ತದೆ, ಎಣ್ಣೆ ಬೆರೆತ ಪೆಟ್ರೋಲ್ ಮೇಲೆ ಉಳಿಯುತ್ತದೆ. ಮಷಿನ್ ಎಳೆದುಕೊಳ್ಳುವುದು ತಳದಿಂದ! ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಸಿಗುವ ದಾರಿ ಆ ಪೆಟ್ರೋಲ್ ಒಂದೇ. ಹಳೆಯದರ ಮೇಲೆ ಹೊಸದು ಸುರಿದು ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಈ ಒಂದು ತಪ್ಪು ನಾನು ಮಾಡಲಿಲ್ಲ. ಪೂರ್ತಿ ಚೆಲ್ಲಿ ಟ್ಯಾಂಕ್ ತೊಳೆದೆ, ಹೊಸ ಪೆಟ್ರೋಲಿಗೆ ಅಳೆದು 2ಟಿ ಆಯಿಲ್ ಹಾಕಿದೆ. ಅದೇ ದೊಡ್ಡ ಸಾಧನೆ ಅನ್ನಿಸಿತ್ತು.

ಸೈಲೆನ್ಸರ್ ಬಾಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಸ್ಕ್ರೂಡ್ರೈವರಿನಿಂದ ಕೆದಕಿದರೆ ಒಣಗಿದ ಜೇಡಗಳು ಉದುರಿದವು. ಏರ್ ಫಿಲ್ಟರಿನ ಸ್ಪಂಜು ಮುಟ್ಟಿದರೆ ಪುಡಿ. ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಬ್ಲೇಡ್ ಬಿಚ್ಚಿಟ್ಟು ಸ್ಟಾರ್ಟ್ ಮಾಡೋಣ ಅಂತ ನಟ್ಟಿಗೆ ಪಾನಾ ಹಾಕಿ ಎಡಕ್ಕೆ ತಿರುಗಿಸಿದೆ. ಮೈಭಾರ ಹಾಕಿದರೂ ಅಲುಗಲಿಲ್ಲ. ತುಕ್ಕು ಹಿಡಿದಿದೆ, ಇರಲಿ ಅಂತ ಬಿಟ್ಟೆ. ಆಮೇಲೆ ಗೊತ್ತಾಯಿತು, ನಮ್ಮ ಮಷಿನ್ನಿನ ಆ ನಟ್ಟಿನದು ಎಡ ಥ್ರೆಡ್. ಬಹುತೇಕ ಬ್ರಷ್ ಕಟರ್‌ಗಳಲ್ಲೂ ಹಾಗೇ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಅಷ್ಟು ಹೊತ್ತು ನಾನು ಕಷ್ಟಪಟ್ಟು ಬಿಗಿ ಮಾಡುತ್ತಿದ್ದೆ. ಬ್ಲೇಡಿನ ಗಾರ್ಡ್ ಹುಲ್ಲು ಸಿಕ್ಕಿಕೊಳ್ಳುತ್ತದೆ ಅಂತ ಯಾರೋ ಯಾವಾಗಲೋ ತೆಗೆದಿದ್ದರು.

ಇನ್ನು ಸ್ಟಾರ್ಟ್ ಮಾಡುವ ಹಗ್ಗ ಎಳೆಯುವುದು. ಮಷಿನ್ ಅಂಗಳದಲ್ಲಿ ಅಡ್ಡ ಇಟ್ಟು, ಮೊಣಕಾಲೂರಿ, ಕಾಲಿಗೆ ಹವಾಯಿ ಚಪ್ಪಲಿ. ಇಪ್ಪತ್ತು ಸಲ ಎಳೆದಿರಬೇಕು, ಒಂದು ಕೆಮ್ಮೂ ಇಲ್ಲ. ಸಿಟ್ಟು ಬಂದು ಎಕ್ಸಿಲೇಟರ್ ಟ್ರಿಗರ್ ಪೂರ್ತಿ ಒತ್ತಿ ಹಿಡಿದು ಎಳೆದೆ, ಬಿಟ್ಟೆ. ಮತ್ತೆ ಎಳೆದೆ.

ಹತ್ತಿತು. ಹತ್ತಿದ್ದೇ ಫುಲ್ ರೇಸಿನಲ್ಲಿ! ಟ್ರಿಗರ್ ಬೆರಳಿನಿಂದ ವಾಪಸ್ ಬಂದಿತ್ತು, ಆದರೆ ತುಕ್ಕು ತಿಂದ ಕೇಬಲ್ ಒಳಗೇ ಕಚ್ಚಿಕೊಂಡು ಕಾರ್ಬೊರೇಟರನ್ನು ತೆರೆದೇ ಹಿಡಿದಿತ್ತು. ಸುಮ್ನೆ ಐಡಲ್‌ನಲ್ಲಿದ್ದರೆ ಬ್ಲೇಡ್ ತಿರುಗುವುದಿಲ್ಲ. ವೇಗ ಏರಿದರೆ ಕ್ಲಚ್ ತಾನೇ ಹಿಡಿಯುತ್ತದೆ. ಬ್ಲೇಡ್ ಜಗಲಿಯ ಜಂಬಿಟ್ಟಿಗೆ ಮೆಟ್ಟಿಲಿಗೆ ಕಚ್ಚಿ, ಮಷಿನ್ ಮೀನಿನ ಹಾಗೆ ಎಗರಿ ಅರ್ಧ ಸುತ್ತು ತಿರುಗಿತು. ನಾನು ಸ್ಟಾಪ್ ಸ್ವಿಚ್ ಒತ್ತಿದೆ. ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದೆ. ಅಷ್ಟರಲ್ಲಿ ಬ್ಲೇಡಿಗೆ ಸಿಕ್ಕಿದ ಜಲ್ಲಿ ಕಲ್ಲೊಂದು ಕಾಲಿಗೆ ಬಡಿಯಿತು, ನಾನು ಮಷಿನ್ ಬಿಟ್ಟು ಹಿಂದೆ ಹಾರಿದೆ. ಅಪ್ಪಯ್ಯ ಐದಾರು ಹೆಜ್ಜೆ ದೂರದಲ್ಲಿ ನಿಂತಿದ್ದರು. ಆ ಕಲ್ಲು ಅವರ ಕಡೆ ಹೋಗಿದ್ದರೆ ಅಂತ ಈಗಲೂ ರಾತ್ರಿ ಎಚ್ಚರವಾಗುತ್ತದೆ. ಇಂಥ ಮಷಿನ್ ಓಡುವಾಗ 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ಅದರ ಪುಸ್ತಕದಲ್ಲೇ ಇದೆ. ಯಾರು ಓದುತ್ತಾರೆ?

ಗಲಾಟೆ ಕೇಳಿ ಕೆಳಮನೆ ಅಣ್ಣ ಓಡಿ ಬಂದರು. "ಚೋಕ್ ಹಾಕು ಮಾರಾಯಾ, ಚೋಕ್!" ನನಗೆ ಕೈಯೇ ಏಳಲಿಲ್ಲ. ಅವರೇ ಎಂಜಿನ್ ಕಡೆಯಿಂದ ಬಂದು, ಮಷಿನ್ನಿನ ಉದ್ದ ಪೈಪಿನ ಮೇಲೆ ಕಾಲಿಟ್ಟು ಅಮುಕಿ, ಚೋಕ್ ಎತ್ತಿದರು. ಎಂಜಿನ್ ಬಿಕ್ಕಿ ಬಿಕ್ಕಿ ನಿಂತಿತು. ಚೋಕ್ ಗಾಳಿಯನ್ನು ಮುಚ್ಚುತ್ತದೆ, ಬರೀ ಪೆಟ್ರೋಲ್ ಕುಡಿದು ಎಂಜಿನ್ ಉಸಿರುಗಟ್ಟುತ್ತದೆ. ಅಷ್ಟೇ ವಿಷಯ. ನಾನು ಯೋಚಿಸಿದ್ದು ಎಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕೈಯಲ್ಲಿ ಕೀಳುವುದನ್ನು. ಕಿತ್ತಿದ್ದರೆ ಶಾಕ್ ಬೇರೆ ಹೊಡೆಯುತ್ತಿತ್ತು.

ಸ್ವಿಚ್ ಯಾಕೆ ಕೆಲಸ ಮಾಡಲಿಲ್ಲ ಅಂತ ಮರುದಿನ ಬಿಚ್ಚಿ ನೋಡಿದೆವು. ಹಿಡಿಕೆಯಿಂದ ಎಂಜಿನ್ನಿಗೆ ಹೋಗುವ ವೈರನ್ನು ಅಟ್ಟದಲ್ಲಿ ಇಲಿ ಕಡಿದಿತ್ತು. ನನ್ನ ತಲೆಯಲ್ಲಿದ್ದದ್ದು ಮನೆಯ ಲೈಟಿನ ಲೆಕ್ಕ, ವೈರ್ ತುಂಡಾದರೆ ಆಫ್. ಇಲ್ಲಿ ತಿರುಗಾಮುರುಗಾ. ಬ್ಯಾಟರಿ ಇಲ್ಲ, ಎಂಜಿನ್ ಜೊತೆ ತಿರುಗುವ ಚಕ್ರದ ಮ್ಯಾಗ್ನೆಟ್ಟೇ ಕಿಡಿ ಹುಟ್ಟಿಸುತ್ತದೆ. ಸ್ಟಾಪ್ ಸ್ವಿಚ್ ಒತ್ತಿದಾಗ ಆ ಕರೆಂಟು ಎಂಜಿನ್ ಬಾಡಿಗೆ ಅರ್ಥ್ ಆಗಿ ಕಿಡಿ ಸಾಯುತ್ತದೆ. ವೈರ್ ತುಂಡಾದರೆ ಅರ್ಥ್ ಆಗುವ ದಾರಿಯೇ ಇಲ್ಲ, ಎಂಜಿನ್ ಓಡುತ್ತಲೇ ಇರುತ್ತದೆ. ತಳ್ಳಿಕೊಂಡು ಹೋಗುವ ಲಾನ್ ಮೋವರಿನ ಪೆಟ್ರೋಲ್ ಎಂಜಿನ್‌ಗಳಲ್ಲೂ ಸಾಮಾನ್ಯವಾಗಿ ಇದೇ ಕಥೆ.

ಇದನ್ನು ಮೊದಲೇ ತಿಳಿಯಲು ಎರಡು ನಿಮಿಷ ಸಾಕಿತ್ತು ಅನ್ನುವುದೇ ಹೊಟ್ಟೆ ಉರಿಸುವುದು. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ ಬಾಡಿಗೆ ತಾಗುವ ಹಾಗೆ ಇಡಬೇಕು. ರಬ್ಬರ್ ಕ್ಯಾಪ್ ಮೇಲೆಯೇ ಹಿಡಿಯಿರಿ, ಪ್ಲಗ್ಗಿನ ತೂತಿನಿಂದ ದೂರ, ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು. ಸ್ವಿಚ್ ಆನ್ ಇಟ್ಟು ಹಗ್ಗ ಎಳೆದರೆ ಕಿಡಿ ಕಾಣಬೇಕು. ಆಫ್ ಮಾಡಿ ಎಳೆದರೆ ಕಾಣಬಾರದು. ಆಫ್‌ನಲ್ಲೂ ಕಿಡಿ ಬಂದರೆ ಆ ಮಷಿನ್ ಸ್ಟಾರ್ಟ್ ಮಾಡಬೇಡಿ, ಮೊದಲು ವೈರ್ ನೋಡಿ. ಏರ್ ಫಿಲ್ಟರ್ ತೆಗೆದಾಗಲೇ ಟ್ರಿಗರ್ ಒತ್ತಿ ಬಿಟ್ಟು, ಕಾರ್ಬೊರೇಟರ್ ಕಡೆಯ ಕೊಂಡಿ ಟಪ್ ಅಂತ ವಾಪಸ್ ಬರುತ್ತಾ ಕಣ್ಣಾರೆ ನೋಡಿಕೊಳ್ಳಿ. ಬೆರಳಿನ ಕಡೆ ನೋಡಿದರೆ ನನಗಾದ ಹಾಗೆ ಮೋಸವಾಗುತ್ತದೆ. ಬ್ಲೇಡ್ ಬಿಚ್ಚದೆ ಮೊದಲ ಸಲ ಎಳೆಯಲೇ ಬೇಡಿ. ನಟ್ಟು ಬಲಕ್ಕೆ, ನೆನಪಿರಲಿ.

ಪೇಟೆಯ ಮೆಕ್ಯಾನಿಕ್ ಕೇಬಲ್, ವೈರ್ ಎರಡೂ ಹೊಸದು ಹಾಕಿಕೊಟ್ಟಿದ್ದಾರೆ. ಬಿರುಕು ಬಿಟ್ಟಿದ್ದ ಪೆಟ್ರೋಲ್ ಪೈಪನ್ನೂ ಬದಲಿಸಿದರು. ಗಾರ್ಡ್ ಅಟ್ಟದಲ್ಲೇ ಹುಡುಕಿದರೆ ಸಿಕ್ಕಿತು, ಸೋಗೆ ಕಟ್ಟಿನ ಹಿಂದೆ. ಮಷಿನ್ ಈಗ ಒಂದೇ ಎಳೆತಕ್ಕೆ ಹತ್ತುತ್ತದಂತೆ, ಕೆಳಮನೆ ಅಣ್ಣ ನಿನ್ನೆ ನಮ್ಮ ತೋಟದ ಅರ್ಧ ಹೊಡೆದು ಮುಗಿಸಿದರು. ನನಗೆ ಅಪ್ಪಯ್ಯ ಹಗ್ಗ ಮುಟ್ಟಲೂ ಬಿಡುತ್ತಿಲ್ಲ.