ಒಂದೇ ಗೋಡೆಗೆ ಎರಡು ಪ್ರೈಮರ್: ಎರಡು ಮಳೆಗಾಲ ಕಳೆದ ಮೇಲೆ

ಉಡುಪಿ ಕಿನ್ನಿಮುಲ್ಕಿಯ ನಮ್ಮ ಮನೆ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆ ಕಲ್ಲಿನದು. ಹಿಂಬದಿಯ ಗೋಡೆಗೆ ಪಶ್ಚಿಮದ ಮಳೆ ನೇರ ಬಡಿಯುತ್ತದೆ. ಎಷ್ಟು ಸಲ ಬಣ್ಣ ಹೊಡೆಸಿದರೂ ಆಟಿ (ತುಳುವರ ಮಳೆಗಾಲದ ತಿಂಗಳು) ಕಳೆಯುವಷ್ಟರಲ್ಲಿ ಅಲ್ಲಿ ಹಪ್ಪಳ ಎದ್ದಿರುತ್ತಿತ್ತು. ಬೈದದ್ದೆಲ್ಲ ಬಣ್ಣಕ್ಕೆ. ಕಳೆದ ಬಾರಿ ಬಣ್ಣ ಒಂದೇ ಇಟ್ಟುಕೊಂಡು ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಅಡಿಯ ಪ್ರೈಮರ್ ಮಾತ್ರ ಬದಲಿಸಿದೆ. ಕಿಟಕಿಯ ಎಡಕ್ಕೆ ನೀರು ಬೆರೆಸುವ ಸಿಮೆಂಟ್ ಪ್ರೈಮರ್, ಬಲಕ್ಕೆ ಟರ್ಪೆಂಟೈನ್ ಬೆರೆಸುವ ಆಯಿಲ್ ಪ್ರೈಮರ್.

“ಎಂತ ಮಾರಾಯ್ರೆ, ಗೋಡೆಗೆ ಪರೀಕ್ಷೆ ಉಂಟಾ?” ಅಂತ ಪೈಂಟರ್ ನಕ್ಕರು. ಬಲಗಡೆಯದ್ದೇ ಗೆಲ್ಲುತ್ತದೆ ಎಂದು ಅವರ ಲೆಕ್ಕ. ನನ್ನದೂ ಅದೇ ಆಗಿತ್ತು, ದುಬಾರಿ ಅದೇ ಅಲ್ಲವೇ!

ತಯಾರಿ ಎರಡಕ್ಕೂ ಒಂದೇ. ಜನವರಿಯಲ್ಲಿ ವೈರ್ ಬ್ರಷ್‌ನಿಂದ ಪಾಚಿ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರು ಹೊಡೆದು, ತಿರುಗಿ ಒಳ್ಳೆ ನೀರಿನಲ್ಲಿ ತೊಳೆದೆವು. ಸಡಿಲಾದ ಹಳೆ ಬಣ್ಣವನ್ನೆಲ್ಲ ಕೆರೆಸಿದೆ. ಒಣಗಿದೆಯಾ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ರಾತ್ರಿ ಬಿಟ್ಟೆ. ಮರುದಿನ ಒಳಮೈ ಬೆವರಿತ್ತು. ಹತ್ತು ದಿನ ಬಿಟ್ಟು ನೋಡಿದರೆ ಬೆವರು ಕಡಿಮೆ, ಪೂರ್ತಿ ಹೋಗಿರಲಿಲ್ಲ. ಪೈಂಟರ್‌ಗೆ ಬೇರೆ ಕಡೆ ಕೆಲಸ ಇತ್ತು, ನನಗೆ ತಾಳ್ಮೆ ಇರಲಿಲ್ಲ. ಹೊಡೆಸಿಬಿಟ್ಟೆ.

ಮೊದಲ ಮಳೆಗಾಲದಲ್ಲೇ ಬಲಭಾಗ ಸೋತಿತು. ಆಗಸ್ಟಿನಲ್ಲಿ ಅಂಗೈ ಅಗಲದ ಗುಳ್ಳೆಗಳು. ಒಂದನ್ನು ಉಗುರಿನಿಂದ ಚುಚ್ಚಿದರೆ ನೀರು ಜಿನುಗಿತು. ಎಳೆದರೆ ಬಣ್ಣವೂ ಪ್ರೈಮರೂ ಒಂದೇ ಚರ್ಮವಾಗಿ ಕಿತ್ತು ಬಂದವು, ಹಿಂದೆ ಬರೀ ಗಾರೆ, ಅದರ ಮೇಲೆ ಬಿಳಿ ಉಪ್ಪಿನ ಹುಡಿ. ಎಡಭಾಗದ ಕೆಳಗೆ ಪಾಚಿ ಹಿಡಿದಿತ್ತು, ಆದರೆ ಒಂದು ಗುಳ್ಳೆಯೂ ಇಲ್ಲ. ಎರಡನೇ ಮಳೆಗಾಲ ಮುಗಿದ ಮೇಲೂ ಅಷ್ಟೇ. ಮುರಕಲ್ಲು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಕುಡಿದದ್ದು ಹೊರಗೆ ಬರಲೇಬೇಕು. ನೀರಿನ ಪ್ರೈಮರ್ ಆ ಆವಿಗೆ ಅಷ್ಟಿಷ್ಟು ದಾರಿ ಬಿಡುತ್ತದೆ, ಎಣ್ಣೆಯ ಪೊರೆ ಬಾಗಿಲು ಹಾಕುತ್ತದೆ. ಬಟ್ಟೆ ಒಗೆಯುವ ಕಲ್ಲು ಬಲಗಡೆಯೇ ಇರುವುದರಿಂದ ಪಂದ್ಯ ಪೂರ್ತಿ ನ್ಯಾಯದ್ದಲ್ಲ, ಅದನ್ನೂ ಹೇಳಬೇಕು. ಆದರೆ ಗುಳ್ಳೆ ಎದ್ದದ್ದು ಕಲ್ಲಿನ ಹತ್ತಿರ ಮಾತ್ರ ಅಲ್ಲ.

ಒಳಗಿನ ಕೋಣೆಯಲ್ಲಿ ಎಲ್ಲ ಉಲ್ಟಾ. ಅದು ಅಜ್ಜನ ಕಾಲದಿಂದ ಸುಣ್ಣ ಬಳಿದ ಗೋಡೆ, ಒಣಗಿದ್ದು, ಕೈ ಒರೆಸಿದರೆ ಅಂಗೈ ಬೆಳ್ಳಗೆ. ಕೆರೆದಷ್ಟೂ ಸುಣ್ಣ ಬರುತ್ತಲೇ ಇತ್ತು. ನೀರಿನ ಪ್ರೈಮರ್ ಹಚ್ಚಿದ ಮೂಲೆಯಲ್ಲಿ ಟೇಪ್ ಅಂಟಿಸಿ ಎಳೆದಾಗ ಪ್ರೈಮರ್ ಸುಣ್ಣದ ಸಮೇತ ಎದ್ದು ಬಂತು. ತೆಳ್ಳಗೆ ಮಾಡಿ ಹಚ್ಚಿದ ಆಯಿಲ್ ಪ್ರೈಮರ್ ಆ ಹುಡಿಯೊಳಗೆ ಇಳಿದು ಹಿಡಿದುಕೊಂಡಿತು, ಟೇಪ್ ಬರಿದೇ ಬಂತು. ವಾಸನೆಗೆ ಎರಡು ರಾತ್ರಿ ಚಾವಡಿಯಲ್ಲಿ ಮಲಗಿದೆವು. ಹಾಗಾಗಿ ಯಾವುದು ಒಳ್ಳೆಯದು ಎಂದು ಕೇಳಿದರೆ, ಮೊದಲು ಗೋಡೆ ಒದ್ದೆಯಾ, ಹುಡಿ ಹುಡಿಯಾ ಹೇಳಿ ಅನ್ನುತ್ತೇನೆ.

ಗೋಡೆಯ ತಗ್ಗು ಮುಚ್ಚಿ ನುಣುಪು ಮಾಡುವ ಪುಟ್ಟಿಯ ವಿಷಯ ಚಿಕ್ಕದು. ಆಕ್ರಿಲಿಕ್ ಪುಟ್ಟಿ ಬೆಣ್ಣೆಯ ಹಾಗೆ ಎಳೆಯುತ್ತದೆ, ಎಮರಿ ಪೇಪರ್‌ಗೆ ಬೇಗ ಬಗ್ಗುತ್ತದೆ. ಆದರೆ ಬಚ್ಚಲ ಗೋಡೆಯ ಆಚೆ ಮಗ್ಗುಲಲ್ಲಿ ಅದು ಮೆತ್ತಗಾಗಿ ಉಬ್ಬಿತು. ಬಿಳಿ ಸಿಮೆಂಟಿನ ಪುಟ್ಟಿ ಅಲ್ಲಿ ಗಟ್ಟಿ ನಿಂತಿದೆ, ಉಜ್ಜುವಾಗ ಭುಜ ಹೋಯಿತು ಅಷ್ಟೆ. ಅದನ್ನು ಗೋಡೆ ಸ್ವಲ್ಪ ನೆನೆಸಿ ಹಚ್ಚಬೇಕು, ಪ್ರೈಮರ್ ಅದರ ಮೇಲೆ. ಆಕ್ರಿಲಿಕ್ ಆದರೆ ಪ್ರೈಮರ್ ಮೊದಲು. ಈ ಕ್ರಮ ತಪ್ಪಿದ ಮನೆಗಳನ್ನು ಎಷ್ಟೋ ನೋಡಿದ್ದೇನೆ.

ಕಬ್ಬಿಣದಲ್ಲಿ ಡಬ್ಬಕ್ಕಿಂತ ತಯಾರಿಯೇ ತೀರ್ಮಾನ ಮಾಡಿತು. ಗೇಟಿನ ಎರಡೂ ಬಾಗಿಲಿನ ತುಕ್ಕು ಪೂರ್ತಿ ಉಜ್ಜಿಸಿ ಒಂದಕ್ಕೆ ರೆಡ್ ಆಕ್ಸೈಡ್ ಪ್ರೈಮರ್, ಇನ್ನೊಂದಕ್ಕೆ ಜಿಂಕ್ ಫಾಸ್ಫೇಟ್ ಪ್ರೈಮರ್. ಎರಡನ್ನೂ ಮೊದಲು ಸಿಹಿನೀರಿನಲ್ಲಿ ತೊಳೆದು ಒಣಗಿಸಿದೆ, ಕಡಲ ಗಾಳಿಯ ಉಪ್ಪು ಒಳಗೆ ಉಳಿದರೆ ಬಣ್ಣದಡಿಯಲ್ಲೇ ತುಕ್ಕು ಶುರು. ಉಜ್ಜಿದ ದಿನವೇ ಪ್ರೈಮರ್ ಬಿತ್ತು. ಜಿಂಕ್ ಫಾಸ್ಫೇಟ್ ಬಾಗಿಲು ಇನ್ನೂ ಹಾಗೇ ಉಂಟು. ರೆಡ್ ಆಕ್ಸೈಡಿನದ್ದಕ್ಕೆ ವೆಲ್ಡಿಂಗ್ ಜಾಗದಲ್ಲಿ ಮಾತ್ರ ಕಂದು ಚುಕ್ಕೆ. ತುಕ್ಕಿನ ಮೇಲೇ ರೆಡ್ ಆಕ್ಸೈಡ್ ಬಳಿದ ಬಾವಿಯ ಗ್ರಿಲ್ ಒಂದೇ ಮಳೆಗೆ ಸಿಪ್ಪೆ ಬಿಟ್ಟಿತು. ಕೊಟ್ಟಿಗೆಯ ಹೊಸ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಶೀಟಿನ ಕಥೆಯೇ ಬೇರೆ: ಸತುವಿನ ಮೇಲೆ ನೇರ ಎನಾಮಲ್ ಎಂಬ ಎಣ್ಣೆ ಬಣ್ಣ ಹೊಡೆದರೆ ಎಣ್ಣೆಯೂ ಸತುವೂ ಸೇರಿ ಸಾಬೂನಿನಂಥ ಪದರವಾಗಿ ಬಣ್ಣ ಹಾಳೆಯಂತೆ ಎದ್ದು ಬರುತ್ತದೆ. ಅದಕ್ಕೆ ಸತುವಿನ ಮೈಯನ್ನು ತುಸು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಬೇಕು ಎಂದು ಗೊತ್ತಾದದ್ದು ಹೊಡೆದಾದ ಮೇಲೆ.

ಹಲಸಿನ ಬಾಗಿಲಿಗೆ ಆಯಿಲ್ ವುಡ್ ಪ್ರೈಮರ್‌ಗೇ ನನ್ನ ಓಟು. ನೀರಿನದ್ದು ಹಚ್ಚಿದಲ್ಲಿ ಮರದ ನಾರು ಎದ್ದು ಒರಟಾಯಿತು, ಬಿಳಿ ಬಣ್ಣದೊಳಗಿಂದ ಹಲಸಿನ ಹಳದಿಯೂ ಇಣುಕಿತು.

ಈಗ ಹಿಂಬದಿ ಗೋಡೆಯ ಬಲಭಾಗವನ್ನು ಗಾರೆಯವರೆಗೆ ಕೆರೆಸಿಟ್ಟಿದ್ದೇನೆ. ಒಗೆಯುವ ಕಲ್ಲು ಆಚೆ ಹೋಯಿತು. ಪ್ಲಾಸ್ಟಿಕ್ ಹಾಳೆ ತಿರುಗಿ ಅಂಟಿಸಿದ್ದೇನೆ, ಇವತ್ತು ಬೆಳಿಗ್ಗೆಯೂ ಒಳಗೆ ಬೆವರಿತ್ತು. ಪೈಂಟರ್ ನಿನ್ನೆ ಫೋನ್ ಮಾಡಿ ಯಾವಾಗ ಬರಲಿ ಎಂದರು. ಹಾಳೆ ಒಣಗಲಿ, ನಾನೇ ಹೇಳ್ತೇನೆ ಎಂದಿದ್ದೇನೆ.