ಎಂಟನೇ ಕ್ರಾಸಾ, ಗಾಂಧಿ ಬಜಾರಾ? ಎರಡೂ ಕಡೆ ಬಾಡಿಗೆ ಕಟ್ಟಿದವನ ಲೆಕ್ಕ

ಮಲ್ಲೇಶ್ವರದಲ್ಲಿ ಮೂರು ವರ್ಷ ಇದ್ದೆ. ಬಸವನಗುಡಿಯ ಗಾಂಧಿ ಬಜಾರಿನ ಹತ್ತಿರ ಬಂದು ಎರಡೂವರೆ ವರ್ಷವಾಯಿತು. ಹಾಗಾಗಿ ಊರಿನಿಂದ ಬೆಂಗಳೂರಿಗೆ ಬರುವ ಹುಡುಗರು ಮನೆ ಹುಡುಕುವ ಮೊದಲು ನನಗೆ ಫೋನ್ ಮಾಡುತ್ತಾರೆ. ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿ, ನಾನು ಬಾಯಿ ಬಿಡುವಷ್ಟರಲ್ಲಿ ಅವರೇ ದೋಸೆ ಮಾತು ತೆಗೆಯುತ್ತಾರೆ. ದೋಸೆ ನೋಡಿ ಮನೆ ಮಾಡುವವರು ಯಾರು ಸ್ವಾಮಿ? ಆದರೂ ಅದನ್ನೇ ಮೊದಲು ಮುಗಿಸುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಯಾರೂ ಓದುವುದಿಲ್ಲ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆ ದಪ್ಪ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಬಣ್ಣ ಚೆನ್ನಾಗಿ ಕೆಂಪಗೆ. 1943ರಿಂದ ನಡೆಯುತ್ತಿರುವ ಹೋಟೆಲು. ಸಪ್ಲೈಯರ್ ಒಂದು ಕೈ ಉದ್ದಕ್ಕೂ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡುವುದೇ ಅರ್ಧ ತಿಂಡಿ. ಮಲ್ಲೇಶ್ವರದ ಸಿಟಿಆರ್‌ನದು ಬೆಣ್ಣೆ ದೋಸೆ. ಏಳನೇ ಕ್ರಾಸು, ಮಾರ್ಗೋಸಾ ರಸ್ತೆ. ಹೆಸರು ಈಗ ಶ್ರೀ ಸಾಗರ್ ಅಂತಿದ್ದರೂ ಯಾರೂ ಹಾಗೆ ಕರೆಯುವುದಿಲ್ಲ. ಮುರಿದರೆ ಬೆರಳಿಗೆಲ್ಲ ಬೆಣ್ಣೆ. ನನ್ನ ಪ್ರಕಾರ ಮೊದಲ ನಾಲ್ಕು ತುತ್ತಿಗೆ ಸಿಟಿಆರ್ ಗೆಲ್ಲುತ್ತದೆ, ಇಡೀ ದೋಸೆ ಮುಗಿಸಿ ಇನ್ನೊಂದು ಬೇಕು ಅನ್ನಿಸುವುದು ವಿದ್ಯಾರ್ಥಿ ಭವನದಲ್ಲಿ. ಶನಿವಾರ, ಭಾನುವಾರ ಎರಡೂ ಕಡೆ ಬಾಗಿಲಲ್ಲಿ ನಿಲ್ಲಲೇಬೇಕು. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ. ಇದನ್ನು ಮರೆತು ನೆಂಟರನ್ನು ಕರೆದುಕೊಂಡು ಹೋಗಿ ಎರಡು ಸಲ ಮುಖಭಂಗ ಮಾಡಿಕೊಂಡಿದ್ದೇನೆ.

ಸರಿ, ದೋಸೆ ವಾರಕ್ಕೊಂದು ದಿನ. ದಿನಾ ಬೇಕಾದದ್ದು ಇಡ್ಲಿ. ಮಾರ್ಗೋಸಾ ರಸ್ತೆಯಲ್ಲೇ ಹದಿನೈದನೇ ಕ್ರಾಸಿನ ಹತ್ತಿರ ವೀಣಾ ಸ್ಟೋರ್ಸ್, ಈ ಕಡೆ ಶಂಕರಪುರದಲ್ಲಿ ಬ್ರಾಹ್ಮಿನ್ಸ್ ಕಾಫಿ ಬಾರ್. ಎರಡೂ ಕಡೆ ನಿಂತುಕೊಂಡೇ ತಿನ್ನಬೇಕು, ಸಾಂಬಾರ್ ಕೇಳಬಾರದು. ವೀಣಾ ಸ್ಟೋರ್ಸ್ ಇಡ್ಲಿ ಹತ್ತಿಯ ಹಾಗೆ. ಬೆಳಗ್ಗೆ ವಾಕಿಂಗ್ ಮುಗಿಸಿ ಬಂದ ಅಂಕಲ್‌ಗಳ ನಡುವೆ ಫುಟ್‌ಪಾತಿನಲ್ಲಿ ತಟ್ಟೆ ಹಿಡಿದು ನಿಂತರೆ ಪಾಲಿಕೆ ಚುನಾವಣೆಯಿಂದ ಮೊಣಕಾಲು ನೋವಿನವರೆಗೆ ಎಲ್ಲ ಕಿವಿಗೆ ಬೀಳುತ್ತದೆ. ಬ್ರಾಹ್ಮಿನ್ಸ್‌ನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಷ್ಟೇ. 1965ರ ಅಂಗಡಿ. ಅಲ್ಲಿ ಇಡ್ಲಿ ಬರೀ ನೆಪ, ಇರುವುದು ಚಟ್ನಿ. ಎಷ್ಟು ಸಲ ತಟ್ಟೆ ಚಾಚಿದರೂ ಹಾಕುತ್ತಾರೆ. ಇಡ್ಲಿಗೆ ವೀಣಾ, ವಡೆಗೆ ಮತ್ತು ಚಟ್ನಿಗೆ ಬ್ರಾಹ್ಮಿನ್ಸ್. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಇನ್ನು ಸಂತೆ. ಎರಡೂ ಬಡಾವಣೆ 1898ರ ಪ್ಲೇಗಿನ ಮೇಲೆ ಬೆಳೆದವು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬರಲಿ ಅಂತ ನೇರ ರಸ್ತೆ, ಕ್ರಾಸು, ಮರ, ಗಾಳಿ ಇಟ್ಟು ಮಾಡಿದ್ದು. ಆ ಲೆಕ್ಕ ಇವತ್ತಿಗೂ ಉಪಯೋಗಕ್ಕೆ ಬರುವುದು ಮಲ್ಲೇಶ್ವರದಲ್ಲಿ. ಕ್ರಾಸ್ ನಂಬರ್ ಗೊತ್ತಿದ್ದರೆ ಸಾಕು, ಕಣ್ಣು ಮುಚ್ಚಿಕೊಂಡು ಮನೆ ಸೇರಬಹುದು. ಎಂಟನೇ ಕ್ರಾಸಿನಲ್ಲಿ ಸಂಜೆ ಹೊತ್ತು ಒಂದೇ ಸುತ್ತಿಗೆ ಹೂವು, ಹಣ್ಣು, ನೈಟಿ, ಬಳೆ, ಸ್ಟೀಲ್ ಡಬ್ಬ ಎಲ್ಲ ಸಿಗುತ್ತದೆ, ಜೊತೆಗೆ ಎರಡು ಸಲ ಕಾಲು ತುಳಿಸಿಕೊಳ್ಳುವುದೂ ಗ್ಯಾರಂಟಿ. ಗಾಂಧಿ ಬಜಾರಿನಲ್ಲಿ ಹೂವಿನವರದೇ ರಾಜ್ಯ. ಹಬ್ಬದ ಹಿಂದಿನ ದಿನ ಬಾಳೆಕಂದು, ಮಾವಿನಸೊಪ್ಪು, ಸೇವಂತಿಗೆ ರಾಶಿ ಬಿದ್ದಿರುತ್ತದೆ. ತಿಪಟೂರಿನಿಂದ ಬಂದ ಅಮ್ಮ ಒಂದು ದಿನ ಕನಕಾಂಬರ ಕೊಳ್ಳುವಾಗ, "ಇಲ್ಲಿ ಮೊಳ ಅಂದ್ರೆ ನಿನ್ನ ಕೈನಾ ನನ್ನ ಕೈನಾ ತಾಯಿ?" ಅಂತ ಕೇಳಿದರು. ಹೂವಿನಾಕೆ ನಕ್ಕು ಇನ್ನೊಂದು ಗೇಣು ಬಿಟ್ಟುಕೊಟ್ಟಳು. ಎಂಟನೇ ಕ್ರಾಸಿನಲ್ಲಿ ಇದೇ ಮಾತಿಗೆ "ಬೇಕಾದ್ರೆ ತಗೊಳ್ಳಿ" ಅಂದಿದ್ದರಂತೆ. ಅಮ್ಮನ ಮಟ್ಟಿಗೆ ಅಲ್ಲಿಗೆ ತೀರ್ಪು ಆಯಿತು. ಮೇಲಿಂದ ಸುಬ್ಬಮ್ಮನ ಅಂಗಡಿಯ ಚಕ್ಕುಲಿ, ಕಾಂಗ್ರೆಸ್ ಕಡಲೇಕಾಯಿಯನ್ನೂ ಊರಿಗೆ ಕಟ್ಟಿಸಿಕೊಂಡು ಹೋದರು.

ನನಗೆ ಮಾತ್ರ ಮೊದಲ ವರ್ಷ ಗಾಂಧಿ ಬಜಾರ್ ಸಾಕುಸಾಕಾಗಿತ್ತು. ನಾನು ಬಂದಾಗ ಮುಖ್ಯ ರಸ್ತೆಯನ್ನೇ ಅಗೆದು ಹಾಕಿದ್ದರು. ತರಕಾರಿ ತರುವುದೆಂದರೆ ಮಣ್ಣಿನ ದಿಬ್ಬ ಹತ್ತಿ ಇಳಿಯುವುದು, ಮಳೆ ಬಂದರಂತೂ ಕೇಳಲೇಬೇಡಿ. ಈಗ ಕಲ್ಲು ಹಾಸಿದ್ದಾರೆ, ಫುಟ್‌ಪಾತ್ ಅಗಲವಾಗಿದೆ, ನಡೆಯಲು ಚೆನ್ನಾಗಿದೆ. ಗಾಡಿ ನಿಲ್ಲಿಸಲು ಜಾಗ ಇಲ್ಲ ಅಂತ ಅಂಗಡಿಯವರು ಗೊಣಗುತ್ತಾರೆ. ನನ್ನ ಹತ್ತಿರ ಗಾಡಿಯೇ ಇಲ್ಲ, ಹಾಗಾಗಿ ಆ ಜಗಳದಲ್ಲಿ ನಾನಿಲ್ಲ.

ಸಿನಿಮಾ ಹುಚ್ಚಿದ್ದರೆ ಸುಮ್ನೆ ಮಲ್ಲೇಶ್ವರಕ್ಕೆ ಹೋಗಿ. ಸಂಪಿಗೆ ರಸ್ತೆ ಮೆಟ್ರೋ ಪಕ್ಕದಲ್ಲೇ ಮಾಲು, ಸ್ವಲ್ಪ ಆಚೆ ಹೋದರೆ ಇನ್ನೊಂದು. ಇದರಲ್ಲಿ ಮಾತಿಲ್ಲ.

ಆದರೆ ನನಗೆ ಇಷ್ಟು ದಿನದಲ್ಲಿ ಗೊತ್ತಾದದ್ದು ಏನೆಂದರೆ, ಒಂದು ಬಡಾವಣೆ ನಮಗೆ ಒಗ್ಗುತ್ತದೋ ಇಲ್ಲವೋ ಅನ್ನುವುದು ದುಡ್ಡು ಖರ್ಚು ಮಾಡದೆ ಸಂಜೆ ಕಳೆಯಲು ಎಷ್ಟು ಜಾಗ ಇದೆ ಅನ್ನುವುದರ ಮೇಲಿದೆ. ನನ್ನದು ಮನೆಯಿಂದಲೇ ಕೆಲಸ, ಆರು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿದರೆ ಎಲ್ಲಾದರೂ ಹೋಗಲೇಬೇಕು, ಇಲ್ಲದಿದ್ದರೆ ತಲೆ ಕೆಡುತ್ತದೆ. ಮಲ್ಲೇಶ್ವರದಲ್ಲಿ ಸ್ಯಾಂಕಿ ಕೆರೆ ಇತ್ತು. 1882ರಲ್ಲಿ ಕಟ್ಟಿಸಿದ ಕೆರೆ, ನೋಡಲು ಚೆಂದ, ಆದರೆ ಅಲ್ಲಿ ಎಲ್ಲರೂ ನಡೆಯುತ್ತಿರುತ್ತಾರೆ. ಬಿರುಸಾಗಿ, ಕೈ ಬೀಸಿಕೊಂಡು, ಏನೋ ಟಾರ್ಗೆಟ್ ಇರುವ ಹಾಗೆ. ಸುಮ್ಮನೆ ಕೂತರೆ ನನಗೇ ತಪ್ಪು ಮಾಡಿದಂತಾಗುತ್ತಿತ್ತು. ಹಾಗಾಗಿ ಎದ್ದು ಕಾಡು ಮಲ್ಲೇಶ್ವರ ದೇವಸ್ಥಾನದ ಕಡೆ ಹೋಗುತ್ತಿದ್ದೆ, ಎದುರಿನ ನಂದಿ ತೀರ್ಥದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ತಂಪಾಗಿ ಇರಬಹುದಿತ್ತು.

ಈ ಕಡೆ ಲೆಕ್ಕವೇ ಬೇರೆ. ಬ್ಯೂಗಲ್ ರಾಕ್‌ನಲ್ಲಿ ಬಂಡೆ ಹತ್ತಿ ಕೂತರೆ ಯಾರೂ ಏನೂ ಕೇಳುವುದಿಲ್ಲ, ಮರದ ತುಂಬ ಬಾವಲಿ. ಕೃಷ್ಣರಾವ್ ಪಾರ್ಕಿನಲ್ಲಿ ಬೆಂಚಿಗೊಂದು ಹಿರಿಯರ ಗುಂಪು. ವಾಡಿಯಾ ರಸ್ತೆಯಲ್ಲಿ 1945ರಿಂದ ಇರುವ ವರ್ಲ್ಡ್ ಕಲ್ಚರ್ ಸಂಸ್ಥೆ, ಒಳಗೆ ಒಳ್ಳೆಯ ಗ್ರಂಥಾಲಯ. ಸಂಜೆ ಅಲ್ಲಿ ಉಪನ್ಯಾಸ, ಸಂಗೀತ, ನೃತ್ಯ ಏನಾದರೂ ನಡೆಯುತ್ತಿರುತ್ತದೆ. ಒಂದು ಸಲ ಮಳೆಯಿಂದ ತಪ್ಪಿಸಿಕೊಳ್ಳಲು ಒಳಗೆ ಹೋದವನು, ವೀಣೆ ಕಛೇರಿ ಮುಗಿಯುವವರೆಗೆ ಕೂತುಬಿಟ್ಟೆ. ಪಕ್ಕದ ಅಜ್ಜಿ ರಾಗದ ಹೆಸರು ಹೇಳಿಕೊಡುತ್ತಿದ್ದರು, ನನಗೆ ಒಂದೂ ನೆನಪಿಲ್ಲ. ಮಲ್ಲೇಶ್ವರದ ಕಡೆಯೂ ಪಿಟೀಲಿನ ಆಕಾರದ ಚೌಡಯ್ಯ ಭವನ ಇದೆ, ನಾಟಕಕ್ಕೆ ಸೇವಾ ಸದನ ಇದೆ. ಆದರೆ ಅಲ್ಲಿಗೆ ನಾನು ಹೊರಟು ಹೋಗಬೇಕು, ದಿನ ನೋಡಿಕೊಳ್ಳಬೇಕು. ಇಲ್ಲಿ ಕೊತ್ತಂಬರಿ ಸೊಪ್ಪು ತರಲು ಹೋದವನು ಕಛೇರಿ ಕೇಳಿ ಬರುತ್ತೇನೆ, ಸೊಪ್ಪು ಮರೆತು.

ಕಾರ್ತಿಕ ಮಾಸದಲ್ಲಿ ಎರಡೂ ಕಡೆ ಕಡಲೇಕಾಯಿ ಪರಿಷೆ ಆಗುತ್ತದೆ. ಕಾಡು ಮಲ್ಲೇಶ್ವರದ್ದು ಚಿಕ್ಕದು, ಮನೆಯವರ ಜೊತೆ ಆರಾಮಾಗಿ ಸುತ್ತಿ ಬರಬಹುದು. ಬಸವನಗುಡಿಯದು ಕಡೇ ಕಾರ್ತಿಕ ಸೋಮವಾರದ್ದು, ದೊಡ್ಡ ಗಣಪತಿ ದೇವಸ್ಥಾನದ ಸುತ್ತ ಬುಲ್ ಟೆಂಪಲ್ ರಸ್ತೆಯೇ ಮುಚ್ಚಿಹೋಗುತ್ತದೆ. ಆಟೋದವರು ನಮ್ಮ ಏರಿಯಾ ಹೆಸರು ಕೇಳಿದರೇ ತಲೆ ಆಡಿಸುತ್ತಾರೆ. ರಾತ್ರಿ ಹನ್ನೊಂದಕ್ಕೂ ಪೀಪಿ ಸದ್ದು ನಿಲ್ಲುವುದಿಲ್ಲ. ಮೊದಲ ವರ್ಷ ಬೈದುಕೊಂಡೆ, ಎರಡನೇ ವರ್ಷ ಮೂರು ಸೇರು ಕಡಲೇಕಾಯಿ ತಂದು ಬೇಯಿಸಿ ಪಕ್ಕದ ಮನೆಯವರಿಗೂ ಕೊಟ್ಟೆ.

ಬಾಡಿಗೆ ಎರಡೂ ಕಡೆ ಜಾಸ್ತಿಯೇ. ಹಳೇ ಮನೆ ಒಡೆದು ಅಪಾರ್ಟ್‌ಮೆಂಟ್ ಎಬ್ಬಿಸುವುದೂ ಎರಡೂ ಕಡೆ ನಡೆದಿದೆ. ಮಲ್ಲೇಶ್ವರದಲ್ಲಿ ನಾನಿದ್ದ ಮನೆಗೂ ಅದೇ ಗತಿ. ಓನರ್ ಎರಡು ತಿಂಗಳು ಟೈಮ್ ಕೊಟ್ಟು ಖಾಲಿ ಮಾಡಿಸಿದರು, ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಒಡೆಯುವ ಮನೆಗೆ ಪೇಂಟಿಂಗ್ ಯಾಕೆ ಅಂತ ಕೇಳಿದ್ದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಮನೆ ಹುಡುಕುವವರಿಗೆ ನಾನು ಹೇಳುವುದು ಇಷ್ಟು. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರಾದರೆ, ವಾರದ ಕೊನೆಗೆ ಸಿನಿಮಾ, ಮಾಲು ಬೇಕಾದರೆ ಮಲ್ಲೇಶ್ವರ. ಮನೆಯಲ್ಲೇ ಇರುವವರು, ವಯಸ್ಸಾದ ಅಪ್ಪ ಅಮ್ಮ ಜೊತೆಗಿರುವವರು, ಕಾಸು ಎಣಿಸಿ ಖರ್ಚು ಮಾಡುವವರು ಈ ಕಡೆ ಬನ್ನಿ. ಒಂದನ್ನು ಆರಿಸಿದರೆ ಇನ್ನೊಂದು ತಪ್ಪಿಹೋಯಿತು ಅಂತೇನೂ ಇಲ್ಲ. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹಸಿರು ಮೆಟ್ರೋ ಹತ್ತಿದರೆ ಮಾರ್ಕೆಟ್, ಚಿಕ್ಕಪೇಟೆ, ಮೆಜೆಸ್ಟಿಕ್, ನಾಲ್ಕನೆಯದು ಸಂಪಿಗೆ ರಸ್ತೆ. ಹತ್ತು ನಿಮಿಷದ ಮಾತು. ಭಾನುವಾರ ಬ್ರಾಹ್ಮಿನ್ಸ್ ಮುಚ್ಚಿರುತ್ತದೆ ಅಲ್ವಾ, ಅವತ್ತು ನಾನು ಹಾಗೇ ವೀಣಾ ಸ್ಟೋರ್ಸ್‌ಗೆ ಹೋಗಿ ಬರುತ್ತೇನೆ. ಸ್ಟೇಷನ್ನಿನಿಂದ ಹದಿನೈದನೇ ಕ್ರಾಸಿನವರೆಗೆ ನಡೆದರೆ ಹಸಿವೂ ಆಗಿರುತ್ತದೆ.

ನನ್ನ ಅಗ್ರಿಮೆಂಟ್ ಮುಂದಿನ ತಿಂಗಳು ಮುಗಿಯುತ್ತದೆ. ಈಗಿನ ಓನರ್ ಹತ್ತು ಪರ್ಸೆಂಟ್ ಜಾಸ್ತಿ ಕೇಳಿದ್ದಾರೆ, ನಾನು ಐದು ಅಂದಿದ್ದೇನೆ. ಅಮ್ಮ ಮಾತ್ರ ಫೋನಿನಲ್ಲಿ, "ಏಳಕ್ಕೆ ಒಪ್ಪಿಕೊಂಡುಬಿಡು, ಆ ಹೂವಿನೋಳು ಚೆನ್ನಾಗಿದ್ದಾಳೆ" ಅನ್ನುತ್ತಿದ್ದಾರೆ.