ಜೀಪ್ ಕಟ್ಟುವವರೇ, ಬ್ರೇಕ್ ಸಾಮಾನು ಗುಜರಿಯಿಂದ ತರಬೇಡಿ

ಹುಬ್ಬಳ್ಳಿಯ ನೃಪತುಂಗ ಬೆಟ್ಟದಿಂದ ಇಳಿಯುವಾಗ ನನ್ನ ಜೀಪಿನ ಬ್ರೇಕ್ ಪೆಡಲ್ ಕೆಳಗೆ ಹೋಯಿತು. ಒಮ್ಮೆಲೇ ಅಲ್ಲ. ಒತ್ತಿ ಹಿಡಿದಷ್ಟೂ ಮೆಲ್ಲಗೆ ಇಳಿಯುತ್ತಲೇ ಇತ್ತು. ಪಕ್ಕದಲ್ಲಿ ಅಕ್ಕನ ಮಗ. "ಮಾಮಾ, ಬ್ರೇಕ್ ಹಾಕೋ!" ಅಂದ. ಹಾಕಿಯೇ ಇದ್ದೆ. ಸೆಕೆಂಡ್ ಗೇರಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆ ಬದಿಯ ಮಣ್ಣಿನ ಗುಡ್ಡೆಗೆ ಮೂತಿ ಹಚ್ಚಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಬಂಪರ್ ಕೂಡ ಸೊಟ್ಟಗಾಗಲಿಲ್ಲ. ಅದು ಹೊಚ್ಚ ಹೊಸದು, ದಪ್ಪ ಕಬ್ಬಿಣದ್ದು. ಅಂಥ ಬಂಪರಿಗೆ ದಂಡ ಬೀಳುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು, ಆ ಮಾತು ಬೇರೆ.

ಕಲಘಟಗಿ ಕಡೆ ಹೊಲದ ಮನೆಯೊಂದರಲ್ಲಿ ನಿಂತೇ ಇದ್ದ ಮಹೀಂದ್ರಾ ಎಂಎಂ 540 ಜೀಪು ಅದು. ಚಾಸಿ, ಎಂಜಿನ್ ಅದರದ್ದೇ ಇಟ್ಟುಕೊಂಡು ಉಳಿದದ್ದನ್ನು ಒಂದೊಂದಾಗಿ ತಂದು ಕಟ್ಟಿದೆ. ಬಂಪರ್, ಸೀಟು, ಅಲಾಯ್ ವೀಲ್, ಲೈಟು ಎಲ್ಲಾ ಹೊಸದು. ಅಲ್ಲಿಗೆ ದುಡ್ಡು ಮುಗಿಯಿತು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್, ಆ ಆಯಿಲ್ ಸಾಗುವ ರಬ್ಬರ್ ಕೊಳವೆ ಅಂದರೆ ಬ್ರೇಕ್ ಹೋಸ್, ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್, ಟೈರು ಹಳೆಯವು. ಕಣ್ಣಿಗೆ ಕಾಣುವುದಕ್ಕೆ ಹೊಸದು, ಜೀವ ಕಾಯುವುದಕ್ಕೆ ಗುಜರಿ. ಆಗ ಇದು ಜಾಣತನ ಅನ್ನಿಸಿತ್ತು.

"ಕಂಪನಿ ಮಾಲ್ ಐತ್ರಿ ಸರ, ಈಗಿನ ಹೊಸಾದು ಇಷ್ಟು ಗಟ್ಟಿ ಬರೂದಿಲ್ಲ" ಅಂದಿದ್ದ ಗುಜರಿ ಅಂಗಡಿಯವನು. ಮಾಸ್ಟರ್ ಸಿಲಿಂಡರಿಗೆ ಕರಿ ಪೇಂಟ್ ಹೊಡೆದು ಫಳಫಳ ಮಾಡಿಟ್ಟಿದ್ದ. ನಮ್ಮ ಮಿಸ್ತ್ರಿ ಕಾಕಾ ಬೇಡ ಅಂದರು. ನಾನೇ ಕೇಳಲಿಲ್ಲ. ಒಳಗೆ ಹೊಸ ರಬ್ಬರ್ ಕಿಟ್ ಹಾಕಿಸಿದರೆ ಸಾಕು ಅಂದುಕೊಂಡೆ.

ಬೆಟ್ಟದ ಘಟನೆ ಆದಮೇಲೆ ಕಾಕಾ ಅದನ್ನು ಬಿಚ್ಚಿ, ಟಾರ್ಚ್ ಬಿಟ್ಟು ತೋರಿಸಿದರು. ಸಿಲಿಂಡರಿನ ಒಳಗೋಡೆಯಲ್ಲಿ ಸಣ್ಣ ಸಣ್ಣ ಗುಂಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಬಿಚ್ಚಿದ ಸಿಲಿಂಡರ್ ವರ್ಷಗಟ್ಟಲೆ ಗುಜರಿಯಲ್ಲಿ ಬಿದ್ದಿದ್ದರೆ ಒಳಗೇ ತುಕ್ಕು ತಿನ್ನುತ್ತದೆ. ಆ ಗುಂಡಿಗಳ ಮೇಲೆ ಓಡಾಡಿದ ಹೊಸ ರಬ್ಬರ್ ಅಂಚು ಹರಿದುಕೊಂಡಿತ್ತು. ಆಯಿಲ್ ಹೊರಗೆ ಒಂದು ಹನಿಯೂ ಸೋರಿರಲಿಲ್ಲ. ಒಳಗೊಳಗೇ ಹಿಂದಕ್ಕೆ ಜಾರುತ್ತಿತ್ತು. ಶೆಡ್ಡಿನ ಮುಂದೆ ಟ್ರಯಲ್ ನೋಡುವಾಗ ಪಟಪಟ ಒತ್ತಿದ್ದಕ್ಕೆ ಪೆಡಲ್ ಗಟ್ಟಿ ಸಿಕ್ಕಿತ್ತು, ಮೋಸ ಹೋದೆ. ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಪೆಡಲ್ ಒತ್ತಿ ಒಂದು ನಿಮಿಷ ಹಾಗೇ ಹಿಡಿದು ನೋಡಬೇಕಿತ್ತು. ಮೆಲ್ಲಗೆ ಇಳಿದರೆ ರಸ್ತೆಗೆ ತರಲೇಬಾರದು.

ಅಂಗಡಿಗೆ ವಾಪಸ್ ಹೋದೆ. "ಬಿಲ್ ಎಲ್ಲೈತ್ರಿ?" ಅಂದ. ಬಿಲ್ ಎಲ್ಲಿಂದ ಬರಬೇಕು?

ಹಳೆಯದೆಲ್ಲಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದೇ ಗುಜರಿಯಿಂದ ತಂದ ಗೇರ್‌ಬಾಕ್ಸ್ ಇವತ್ತಿಗೂ ಸದ್ದಿಲ್ಲದೆ ಓಡುತ್ತಿದೆ. ಅದರ ಮುಚ್ಚಳ ತೆಗೆಸಿ, ಹಲ್ಲು ನೋಡಿ, ಕೈಯಲ್ಲಿ ತಿರುಗಿಸಿ ತಂದಿದ್ದೆ. ಆಕ್ಸಲ್ ಹೌಸಿಂಗ್, ಬಾನೆಟ್, ಸೀಟಿನ ಫ್ರೇಮ್ ಹಳೆಯದಾದರೂ ನಡೆಯುತ್ತದೆ. ಬಿರುಕು, ತುಕ್ಕು ಕಣ್ಣಿಗೇ ಕಾಣುತ್ತದಲ್ವಾ? ಲೀಫ್ ಸ್ಪ್ರಿಂಗ್ ಕೂಡ ನೋಡಿ ತರಬಹುದು, ಆದರೆ ಅದನ್ನು ಬಿಗಿಯುವ ಯು-ಬೋಲ್ಟ್ ಹೊಸದೇ ಇರಲಿ. ಒಮ್ಮೆ ಬಿಗಿದದ್ದು ಎಳೆದುಕೊಂಡಿರುತ್ತದೆ. ರಬ್ಬರ್ ಇರುವ ಯಾವುದನ್ನೂ ಹಳೆಯದು ತರಬೇಡಿ. ಓಡದೆ ಬಿದ್ದಿದ್ದರೂ ಅದಕ್ಕೆ ವಯಸ್ಸಾಗುತ್ತದೆ.

ಟೈರಿನಲ್ಲೂ ಹಾಗೇ ಆಯಿತು. ನೆಲ ಹಿಡಿಯುವ ಬಟನ್ ಚೆನ್ನಾಗಿದ್ದವು, ಕಡಿಮೆಗೆ ಸಿಕ್ಕವು ಅಂತ ನಾಲ್ಕೂ ತಂದೆ. ಪಕ್ಕದಲ್ಲಿ 1115 ಅಂತ ಬರೆದಿತ್ತು. ಅಂದರೆ 2015ರ 11ನೇ ವಾರ ತಯಾರಾದದ್ದು. ಬಗ್ಗಿ ನೋಡಿದರೆ ಗೋಡೆಯಲ್ಲಿ ಕೂದಲೆಳೆಯಂಥ ಸೀಳು.

ಎಂಜಿನ್ ಬದಲಿಸುವವರು ಇನ್ನೂ ಎಚ್ಚರ. ಎಂಜಿನ್ ನಂಬರ್ ಆರ್‌ಸಿ ಪುಸ್ತಕದಲ್ಲಿ ಇರುತ್ತದೆ. ಕಾಗದವಿಲ್ಲದ ಗುಜರಿ ಎಂಜಿನ್ ಕಳವಿನದ್ದೂ ಆಗಿರಬಹುದು, ಆರ್‌ಟಿಒದಲ್ಲಿ ಸೇರಿಸುವುದೂ ಆಗುವುದಿಲ್ಲ. ಕಂಪನಿ ಕೊಟ್ಟ ಮೂಲ ರೂಪವನ್ನೇ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಮ್ಮೆ ಓದಿಕೊಂಡೇ ಸ್ಪ್ಯಾನರ್ ಹಿಡಿಯಿರಿ.

ಅಲಾಯ್ ವೀಲ್ ಮತ್ತು ಲೈಟು ಮಾರಿದೆ. ಆ ದುಡ್ಡಿನಲ್ಲಿ ಮಾಸ್ಟರ್ ಸಿಲಿಂಡರ್, ಚಕ್ರದ ಒಳಗೆ ಬ್ರೇಕ್ ಒತ್ತುವ ನಾಲ್ಕೂ ವೀಲ್ ಸಿಲಿಂಡರ್, ಹೋಸ್, ಟೈ ರಾಡ್ ಎಂಡ್ ಹೊಸದಾಗಿ ಬಂದವು, ಬಿಲ್ ಸಮೇತ. ಟೈರಿಗೆ ಮಾತ್ರ ಇನ್ನೂ ದುಡ್ಡು ಕೂಡಿಲ್ಲ. ಜೀಪು ಶೆಡ್ಡಿನಲ್ಲೇ ಇದೆ. ಅಕ್ಕ ಮಗನನ್ನು ಶೆಡ್ಡಿನ ಕಡೆ ಬಿಡುತ್ತಿಲ್ಲ.